ನೂರ ಅರವತ್ತೈದು ಮಂದಿ ಮಾತನಾಡಿದ ಯುದ್ಧ

1959ರ ಸೆಪ್ಟೆಂಬರ್ 1ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ದೆಹಲಿಯ ಪಾಲಂ ವಿಮಾನ ನಿಲ್ದಾಣದಲ್ಲಿ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರನ್ನು ಎದುರುಗೊಂಡು ಮಾತುಕತೆ ನಡೆಸಿದ ದಿನವೇ, ಭಾರತದ ಭೂಸೇನೆಯ ಮುಖ್ಯಸ್ಥರು ರಾಜೀನಾಮೆ ಸಲ್ಲಿಸಿದ್ದಾರೆಂಬ ವಾರ್ತೆ ರಾಜಧಾನಿಯಲ್ಲಿ ಹರಡಿ ಎಲ್ಲರನ್ನೂ ದಿಗ್ಭ್ರಮೆಗೊಳಿಸಿತು. ಆ ಸೇನಾನಿ ಮಡಿಕೇರಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಓದಿ, 1948ರಲ್ಲಿ ಜೋಜಿ ಲಾ ಕಣಿವೆಯ ಹಿಮದೆತ್ತರಕ್ಕೆ ಟ್ಯಾಂಕುಗಳನ್ನು ಏರಿಸಿ ಶತ್ರುವನ್ನು ಬೆರಗುಗೊಳಿಸಿ, ಕೊರಿಯಾದ ಯುದ್ಧಕೈದಿಗಳ ವಿಲೇವಾರಿಯಂಥ ಕಂಟಕಮಯ ಕಾರ್ಯವನ್ನು ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ನಿರ್ವಹಿಸಿ ಬಂದಿದ್ದ ಕೊಡಗಿನ ವೀರ ಕೆ. ಎಸ್. ತಿಮ್ಮಯ್ಯ. ರಕ್ಷಣಾ ಸಚಿವ ವಿ. ಕೆ. ಕೃಷ್ಣ ಮೆನನ್ನರು ಸೇನೆಯ ಬಡ್ತಿಗಳಲ್ಲಿ ಕೈಹಾಕುತ್ತಿದ್ದಾರೆ, ಅಧಿಕಾರಿಗಳಲ್ಲಿ ಒಡಕು ಬಿತ್ತುತ್ತಿದ್ದಾರೆ ಎಂಬುದು ತಿಮ್ಮಯ್ಯನವರ ಅಸಮಾಧಾನದ ತಿರುಳು. ನೆಹರೂ ಅವರು ಸೇನಾನಿಯನ್ನು ಕರೆಸಿ, ಸ್ನೇಹದ ಮಾತಿನಿಂದ ಮನವೊಲಿಸಿ ಪತ್ರವನ್ನು ಹಿಂದಕ್ಕೆ ತೆಗೆಸಿದರು. ಮರುದಿನ ಲೋಕಸಭೆಯಲ್ಲಿ ನಿಂತು, ಇದೊಂದು ಸ್ವಭಾವಭೇದದ ಕ್ಷುಲ್ಲಕ ಪ್ರಕರಣವೆಂದೂ, ನಾಗರಿಕ ಅಧಿಕಾರವೇ ಸರ್ವೋಚ್ಚವೆಂದೂ ಹೇಳಿ, ಸೇನಾನಿಯ ನಡೆಯನ್ನು ಆಕ್ಷೇಪಿಸಿ, ಸಚಿವರ ಉತ್ಸಾಹವನ್ನು ಶ್ಲಾಘಿಸಿದರು.

ನಾಗರಿಕ ಅಧಿಕಾರದ ಸರ್ವೋಚ್ಚತೆಯ ವಿಷಯದಲ್ಲಿ ನೆಹರೂ ಅವರ ಮಾತು ನಿರ್ವಿವಾದವಾದುದು. ರಾಜೀನಾಮೆ ಕೊಟ್ಟು ಮತ್ತೆ ಹಿಂತೆಗೆದುಕೊಂಡ ತಿಮ್ಮಯ್ಯನವರ ವರ್ತನೆಯೂ ಅವರ ಕೀರ್ತಿಗೆ ಭೂಷಣವಲ್ಲ. ಆದರೆ ಆ ವಾರದಲ್ಲಿ ಸಂಸತ್ತಿನ ಮುಂದೆ ಇದ್ದುದು ಇದೊಂದೇ ಪ್ರಶ್ನೆಯಲ್ಲ. ಆಗಸ್ಟ್ 25ರಂದು ಈಶಾನ್ಯ ಗಡಿಯ ಲೋಂಗ್ಜುವಿನಲ್ಲಿ ಚೀನೀ ಸೈನಿಕರು ಭಾರತದ ಠಾಣೆಯ ಮೇಲೆ ಗುಂಡು ಹಾರಿಸಿದ್ದರು. ಲಡಾಖಿನ ಅಕ್ಸಾಯ್ ಚಿನ್ ಪ್ರದೇಶದ ಮೂಲಕ ಚೀನಾ ರಸ್ತೆಯೊಂದನ್ನು ಕಟ್ಟಿ ಮುಗಿಸಿದ್ದು 1957ರಲ್ಲಿ. ದೆಹಲಿ ಅದರ ಬಗ್ಗೆ ಬೀಜಿಂಗಿಗೆ ಪ್ರತಿಭಟನೆಯ ಪತ್ರ ಬರೆದದ್ದು 1958ರ ಅಕ್ಟೋಬರಿನಲ್ಲಿ. ಭಾರತದ ಜನಪ್ರತಿನಿಧಿಗಳಿಗೆ ಅದರ ಸುದ್ದಿ ತಿಳಿದದ್ದಾದರೋ 1959ರ ಆಗಸ್ಟ್ 28ರಂದು, ಪ್ರಧಾನಿಯವರು ಸದನದಲ್ಲಿ ಒಪ್ಪಿಕೊಂಡಾಗ. ಸೆಪ್ಟೆಂಬರ್ 7ರಂದು ಉಭಯ ಸರ್ಕಾರಗಳ ಪತ್ರವ್ಯವಹಾರವನ್ನು ಶ್ವೇತಪತ್ರದ ರೂಪದಲ್ಲಿ ಮಂಡಿಸಲಾಯಿತು. ಆ ಪುಟಗಳನ್ನು ಓದಿದ ಸದಸ್ಯರಿಗೆ, ತಾವು ಐದು ವರ್ಷಕಾಲ ಸಹೋದರತ್ವದ ಘೋಷಣೆಗಳಿಗೆ ಮೇಜು ಕುಟ್ಟುತ್ತಿದ್ದಾಗ ಸರ್ಕಾರಗಳೆರಡೂ ಪರಸ್ಪರ ಆಕ್ಷೇಪಗಳ ಕಡತವನ್ನು ಬೆಳೆಸುತ್ತಿದ್ದುವೆಂಬುದು ಒಮ್ಮೆಗೇ ಗೋಚರವಾಯಿತು. ಮುಂದಿನ ನಾಲ್ಕು ವರ್ಷಗಳ ರಾಜಕೀಯ ಭೇದಗಳಿಗೆಲ್ಲ ಮೂಲವನ್ನು ನಾನು ಈ ವಿಳಂಬದಲ್ಲಿ ಕಾಣುತ್ತೇನೆ. ಭಿನ್ನಾಭಿಪ್ರಾಯವಿದ್ದ ಸದನ ಅದಕ್ಕೂ ಮೊದಲು ಇತ್ತು. ಸಂಶಯಗ್ರಸ್ತವಾದ ಸದನ ಹುಟ್ಟಿದ್ದು ಆಗ.

ಸಂಶಯವುಳ್ಳ ಸದನ ಎರಡು ಬಗೆಯ ಕಾರ್ಯಗಳನ್ನು ಮಾಡಿತು. ಎರಡನ್ನೂ ಒಟ್ಟಿಗೆ ನೋಡದಿದ್ದರೆ ಆ ಕಾಲಕ್ಕೆ ಅನ್ಯಾಯ ಮಾಡಿದಂತಾಗುತ್ತದೆ. ಮೊದಲನೆಯದು, ನೆಹರೂ ಅವರ ಕೈಯನ್ನು ಕಟ್ಟಿದುದು. 1960ರ ಏಪ್ರಿಲಿನಲ್ಲಿ ಚೌ ಎನ್-ಲಾಯ್ ಅವರು ಸಂಧಾನಕ್ಕಾಗಿ ದೆಹಲಿಗೆ ಬಂದಾಗ, ನೆಲದ ಒಂದು ತುಣುಕನ್ನೂ ಬಿಟ್ಟುಕೊಡಲಾಗದೆಂದು ವಿರೋಧಪಕ್ಷಗಳ ನಾಯಕರು ಮುಂದಾಗಿಯೇ ಪ್ರಧಾನಿಗೆ ಪತ್ರ ಬರೆದಿದ್ದರು. ಜನಸಂಘದವರು ಬೀದಿಯಲ್ಲಿ ಪ್ರದರ್ಶನ ನಡೆಸಿದರು. ಮಂತ್ರಿಮಂಡಲದ ಹಿರಿಯರಾದ ಗೋವಿಂದವಲ್ಲಭ ಪಂತ್, ಮೊರಾರ್ಜಿ ದೇಸಾಯಿ ಅವರು ಅತಿಥಿಯೊಡನೆ ಆಡಿದ ಮಾತುಗಳೂ ಮೃದುವಾಗಿರಲಿಲ್ಲ. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೆ ಸುಪ್ರೀಂ ಕೋರ್ಟು ಬೇರುಬಾರಿ ಪ್ರಕರಣದಲ್ಲಿ, ರಾಷ್ಟ್ರದ ಭೂಮಿಯನ್ನು ಪರರಾಷ್ಟ್ರಕ್ಕೆ ಒಪ್ಪಿಸಬೇಕಾದರೆ ಸಂವಿಧಾನದ ತಿದ್ದುಪಡಿಯೇ ಬೇಕೆಂದು ಅಭಿಪ್ರಾಯ ಕೊಟ್ಟಿತ್ತು. ಹೀಗೆ ನ್ಯಾಯಾಲಯದಿಂದಲೂ ಸದನದಿಂದಲೂ ಬೀದಿಯಿಂದಲೂ ಸುತ್ತುವರಿಯಲ್ಪಟ್ಟ ಪ್ರಧಾನಿ, ಏಪ್ರಿಲ್ 20ರಿಂದ ಆರು ದಿನ ಮಾತನಾಡಿ ಏನನ್ನೂ ಇತ್ಯರ್ಥಗೊಳಿಸದೆ ಅತಿಥಿಯನ್ನು ಬೀಳ್ಕೊಟ್ಟರು. ಮುಂದಿನ ವರ್ಷದ ನವೆಂಬರಿನಲ್ಲಿ, ಗಡಿಯುದ್ದಕ್ಕೂ ಸಣ್ಣ ಸಣ್ಣ ಠಾಣೆಗಳನ್ನು ಮುಂದೆ ಮುಂದೆ ಸ್ಥಾಪಿಸುವ ನೀತಿ ನಿಶ್ಚಯವಾಯಿತು. ಅನ್ನವೂ ಗುಂಡೂ ವಿಮಾನದಿಂದಲೇ ಉದುರಬೇಕಾದ ಆ ಠಾಣೆಗಳು ಯುದ್ಧದ ಲೆಕ್ಕಾಚಾರಕ್ಕಿಂತ ಹೆಚ್ಚಾಗಿ ಸಂಸತ್ತಿನ ಪ್ರಶ್ನೋತ್ತರಕ್ಕೆ ಸಿದ್ಧಪಡಿಸಿದ ಉತ್ತರಗಳಂತಿದ್ದುವು ಎಂದರೆ ಕಟುವಾದೀತು, ಸುಳ್ಳಾಗಲಾರದು.

ಎರಡನೆಯದು, ಪ್ರಶ್ನಿಸಿದುದು. 1961ರ ಏಪ್ರಿಲಿನಲ್ಲಿ ಆಚಾರ್ಯ ಕೃಪಲಾನಿಯವರು ಲೋಕಸಭೆಯಲ್ಲಿ ಮೆನನ್ನರ ಮೇಲೆ ಮಾಡಿದ ಆರೋಪಗಳು ತೀಕ್ಷ್ಣವಾಗಿದ್ದುವು: ಸೇನೆಯಲ್ಲಿ ಗುಂಪುಗಾರಿಕೆ, ಹಣದ ದುರ್ವ್ಯಯ, ಗಡಿಯ ಅಲಕ್ಷ್ಯ. 1962ರ ಸಾರ್ವತ್ರಿಕ ಚುನಾವಣೆಯಲ್ಲಿ ಅವರು ಉತ್ತರ ಮುಂಬಯಿಯಲ್ಲಿ ಮೆನನ್ನರ ವಿರುದ್ಧವೇ ಸ್ಪರ್ಧಿಸಿದರು. ನೆಹರೂ ಅವರ ಬೆಂಬಲದ ಪ್ರವಾಹದಲ್ಲಿ ಕೊಚ್ಚಿಹೋದರು. 1961ರ ಮೇ ತಿಂಗಳಲ್ಲಿ ತಿಮ್ಮಯ್ಯನವರು ನಿವೃತ್ತರಾದಾಗ ಅವರ ಒಲವಿದ್ದ ಎಸ್. ಪಿ. ಪಿ. ಥೋರಾತರಿಗೆ ಬದಲು ಪಿ. ಎನ್. ಥಾಪರರು ಮುಖ್ಯಸ್ಥರಾದರು. ಚೀನಾದೊಡನೆ ಬಹಿರಂಗ ಸಮರವನ್ನು ಭಾರತ ಏಕಾಂಗಿಯಾಗಿ ಎದುರಿಸಲಾರದೆಂದೂ, ಆ ರಕ್ಷಣೆಯ ಹೊಣೆ ರಾಜಕಾರಣಿಗಳದೂ ರಾಯಭಾರಿಗಳದೂ ಆಗಬೇಕೆಂದೂ ತಿಮ್ಮಯ್ಯನವರು 1962ರ ಜುಲೈಯಲ್ಲಿ 'ಸೆಮಿನಾರ್' ಪತ್ರಿಕೆಯಲ್ಲಿ ಬರೆದರು. ಮೂರೇ ತಿಂಗಳಲ್ಲಿ ನಿಜವಾದ ಈ ವಾಕ್ಯವನ್ನು ಓದಿ ಎಚ್ಚೆತ್ತವರು ದೆಹಲಿಯಲ್ಲಿ ಯಾರೂ ಇದ್ದಂತೆ ತೋರದು.

ಅಕ್ಟೋಬರ್ 12ರಂದು ಸಿಂಹಳಕ್ಕೆ ಹೊರಟ ಪ್ರಧಾನಿ, ಪಾಲಂ ನಿಲ್ದಾಣದಲ್ಲಿ ಪತ್ರಕರ್ತರು ಕೇಳಿದಾಗ, ನಮ್ಮ ನೆಲವನ್ನು ತೆರವುಗೊಳಿಸಬೇಕೆಂದು ಸೇನೆಗೆ ಸೂಚನೆ ಹೋಗಿದೆಯೆಂದು ಹೇಳಿಬಿಟ್ಟರು. 20ರ ಮುಂಜಾನೆ ನಮ್ಕಾ ಚು ನದಿಯ ದಂಡೆಯಲ್ಲಿಯೂ ಲಡಾಖಿನಲ್ಲಿಯೂ ಚೀನೀ ತೋಪುಗಳು ಏಕಕಾಲಕ್ಕೆ ಗರ್ಜಿಸಿದುವು. ಆ ಹೊತ್ತಿಗೆ ಈಶಾನ್ಯದ ಕೋರ್ ಸೇನಾಧಿಪತಿಯಾಗಿ ಹದಿನೈದು ದಿನಗಳ ಹಿಂದೆಯಷ್ಟೆ ನೇಮಕಗೊಂಡಿದ್ದ ಬಿ. ಎಂ. ಕೌಲರು ಅಸ್ವಸ್ಥರಾಗಿ ದೆಹಲಿಯ ಸ್ವಗೃಹದಲ್ಲಿ ಮಲಗಿ, ಹಾಸಿಗೆಯಿಂದಲೇ ಆಜ್ಞೆಗಳನ್ನು ಕಳಿಸುತ್ತಿದ್ದರು! ಸಾವಿರಾರು ಅಡಿ ಎತ್ತರದ ಹಿಮದಲ್ಲಿ ಹತ್ತಿಯ ಬಟ್ಟೆ ತೊಟ್ಟು ಹಳೆಯ ಪಾಯಿಂಟ್ ತ್ರೀ-ನಾಟ್-ತ್ರೀ ಬಂದೂಕು ಹಿಡಿದ ಜವಾನನಿಗೂ ರಾಜಧಾನಿಯ ಆ ಮಂಚಕ್ಕೂ ನಡುವಣ ದೂರವನ್ನು ಯಾವ ನಕ್ಷೆಯೂ ತೋರಿಸಲಾರದು.

ತವಾಂಗ್ ಕೈತಪ್ಪಿತು. 26ರಂದು ರಾಷ್ಟ್ರಪತಿಗಳು ತುರ್ತುಪರಿಸ್ಥಿತಿಯನ್ನು ಘೋಷಿಸಿದರು. ರಾಷ್ಟ್ರಪತಿ ಎಸ್. ರಾಧಾಕೃಷ್ಣನ್ನರು ಒಂದು ಕಾಲದಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿ ಶಿಷ್ಯರ ಅಪೂರ್ವ ಪ್ರೀತಿಗೆ ಪಾತ್ರರಾಗಿದ್ದವರು. ಪದವಿಯ ಮರ್ಯಾದೆಯನ್ನು ಮೀರದೆಯೇ, ದುರ್ಗತಿಗೆ ಕಾರಣ ನಮ್ಮ ಮುಗ್ಧ ವಿಶ್ವಾಸವೂ ಅಲಕ್ಷ್ಯವೂ ಎಂದು ಬಹಿರಂಗವಾಗಿ ನುಡಿಯುವ ಧೈರ್ಯ ಅವರಿಗಿತ್ತು. ಸದನವನ್ನು ಕೂಡಲೇ ಕರೆಯಬೇಕೆಂದು ಒತ್ತಾಯಿಸಿದವರಲ್ಲಿ ಆ ವರ್ಷವೇ ರಾಜ್ಯಸಭೆ ಸೇರಿದ್ದ, ಇನ್ನೂ ನಲವತ್ತು ತುಂಬದ ಅಟಲ್ ಬಿಹಾರಿ ವಾಜಪೇಯಿ ಒಬ್ಬರು. ನೆಹರೂ ಒಪ್ಪಿದರು, ಅಧಿವೇಶನ ನವೆಂಬರ್ 8ಕ್ಕೆ ನಿಶ್ಚಯವಾಯಿತು.

ಅಷ್ಟರಲ್ಲಿ ಮೆನನ್ನರ ಪ್ರಶ್ನೆ ಪ್ರತಿಪಕ್ಷದ ಕೈಯಿಂದ ಜಾರಿ ಆಡಳಿತ ಪಕ್ಷದ ಕೈಗೆ ಬಂದಿತ್ತು. ಇದೇ ಆ ಯುದ್ಧಕಾಲದ ಅತ್ಯಂತ ಕುತೂಹಲಕರವಾದ ಅಧ್ಯಾಯ. ಅಕ್ಟೋಬರ್ 31ರಂದು ನೆಹರೂ ರಕ್ಷಣಾ ಖಾತೆಯನ್ನು ತಾವೇ ವಹಿಸಿಕೊಂಡು, ಮೆನನ್ನರನ್ನು ರಕ್ಷಣೋತ್ಪಾದನೆಯ ಸಚಿವರನ್ನಾಗಿ ಉಳಿಸಿಕೊಂಡರು. ಮೆನನ್ನರು ತೇಜಪುರಕ್ಕೆ ಹೋಗಿ, ಏನೂ ಬದಲಾಗಿಲ್ಲ, ತಾವಿನ್ನೂ ರಕ್ಷಣಾ ಇಲಾಖೆಯಲ್ಲೇ ಕುಳಿತಿರುವುದಾಗಿ ಹೇಳಿದರು. ಆ ಮಾತು ದೆಹಲಿಗೆ ಮರಳಿ ಬಂದಾಗ ಕಾಂಗ್ರೆಸ್ ಸಂಸದರ ಸಹನೆಯ ಕಟ್ಟೆಯೊಡೆಯಿತು. ಅವರಲ್ಲಿ ಸ್ವಾತಂತ್ರ್ಯ ಹೋರಾಟದ ಹಳೆಯ ಸಂಗಾತಿ ಮಹಾವೀರ ತ್ಯಾಗಿಯಂಥವರಿದ್ದರು. ಅಕ್ಸಾಯ್ ಚಿನ್ನಿನಲ್ಲಿ ಹುಲ್ಲುಕಡ್ಡಿಯೂ ಬೆಳೆಯದೆಂದು ಪ್ರಧಾನಿ ಅಂದಾಗ, ತಮ್ಮ ಬೋಳುತಲೆಯನ್ನು ತೋರಿಸಿ, ಇಲ್ಲಿಯೂ ಏನೂ ಬೆಳೆಯದು, ಹಾಗೆಂದು ಇದನ್ನು ಕತ್ತರಿಸಿ ಕೊಡಲೇ ಎಂಬರ್ಥದಲ್ಲಿ ಕೇಳಿದವರೆಂದು ಪ್ರಸಿದ್ಧಿ ಪಡೆದವರು ಈ ತ್ಯಾಗಿಯವರೇ. ಮೆನನ್ನರು ಹೋಗಬೇಕಾದರೆ ತಾವೂ ಹೋಗಬೇಕಾದೀತೆಂಬ ಧ್ವನಿಯನ್ನು ಪ್ರಧಾನಿ ಹೊರಡಿಸಿದಾಗ, ಹದಿನೈದು ವರ್ಷಗಳಿಂದ ಎಲ್ಲರನ್ನೂ ಸುಮ್ಮನಾಗಿಸುತ್ತಿದ್ದ ಆ ಅಸ್ತ್ರ ಮೊದಲನೆಯ ಬಾರಿಗೆ ಹುಸಿಯಾಯಿತು. ನವೆಂಬರ್ 7ರಂದು, ಅಧಿವೇಶನದ ಹಿಂದಿನ ದಿನ, ರಾಜೀನಾಮೆ ಅಂಗೀಕಾರವಾಯಿತು.

ಇಂಥ ಸಂಕಟ ಜಗತ್ತಿಗೆ ಹೊಸದಾಗಿರಲಿಲ್ಲ. ಸರಿಯಾಗಿ ನೂರು ವರ್ಷಗಳ ಹಿಂದೆ, 1862ರ ಜನವರಿಯಲ್ಲಿ, ಅಬ್ರಹಾಂ ಲಿಂಕನ್ನರು ಅಂತರ್ಯುದ್ಧದ ನಡುವೆ ತಮ್ಮ ಯುದ್ಧ ಸಚಿವ ಸೈಮನ್ ಕ್ಯಾಮರನ್ನನನ್ನು ರಷ್ಯಕ್ಕೆ ರಾಯಭಾರಿಯಾಗಿ ಕಳಿಸಿ, ಆ ಸ್ಥಾನಕ್ಕೆ ಎಡ್ವಿನ್ ಸ್ಟ್ಯಾಂಟನ್ನನನ್ನು ತಂದರು. ಸ್ಟ್ಯಾಂಟನ್ ಪ್ರತಿಪಕ್ಷದವನು, ಹಿಂದಿನ ಅಧ್ಯಕ್ಷನ ಮಂತ್ರಿಮಂಡಲದಲ್ಲಿದ್ದವನು, ಲಿಂಕನ್ನರನ್ನು ಮೊದಲು ಹೀಗಳೆದವನು. ನೆಹರೂ ಅವರು ಅಷ್ಟು ದೂರ ಹೋಗಲಿಲ್ಲ. ಮಹಾರಾಷ್ಟ್ರದ ಮುಖ್ಯಮಂತ್ರಿ ಯಶವಂತರಾವ್ ಚವ್ಹಾಣರನ್ನು ಕರೆಸಿದರು. ಹಿಮಾಲಯದ ನೆರವಿಗೆ ಸಹ್ಯಾದ್ರಿ ಧಾವಿಸಿತೆಂದು ಮರಾಠಿಗರು ಹೆಮ್ಮೆಪಟ್ಟರು. ಸಹ್ಯಾದ್ರಿಯ ಮತ್ತೊಂದು ತುದಿಯ ಕೊಡಗಿನವರು ಏನೆಂದುಕೊಂಡರೋ! ಆದರೆ ಇನ್ನೊಂದು ವಿಷಯದಲ್ಲಿ ಹೋಲಿಕೆ ದೆಹಲಿಗೇ ಅನುಕೂಲವಾಗಿದೆ. ಸಮ್ಟರ್ ಕೋಟೆಯ ಮೇಲೆ ಗುಂಡು ಬಿದ್ದ ಮೇಲೆ ಲಿಂಕನ್ನರು ತಮ್ಮ ಕಾಂಗ್ರೆಸ್ಸನ್ನು ಸಮಾವೇಶಗೊಳಿಸಿದ್ದು ಸುಮಾರು ಹನ್ನೆರಡು ವಾರಗಳ ಬಳಿಕ, ಜುಲೈ 4ರಂದು. ಅಷ್ಟರಲ್ಲಿ ಅವರು ಸೈನ್ಯವನ್ನು ಹೆಚ್ಚಿಸಿ, ಬಂಧಿತರನ್ನು ನ್ಯಾಯಾಲಯದ ಮುಂದೆ ತರಬೇಕೆಂಬ ಹಕ್ಕನ್ನೂ ಅಮಾನತಿನಲ್ಲಿಟ್ಟಿದ್ದರು. ದೆಹಲಿಯ ಸಂಸತ್ತು ಆಕ್ರಮಣವಾದ ಹತ್ತೊಂಬತ್ತು ದಿನಗಳಿಗೆ ಸೇರಿತು.

ಸೇರಿದ ದಿನವೇ, ಜೋಧಪುರದ ಸ್ವತಂತ್ರ ಸದಸ್ಯ ಎಲ್. ಎಂ. ಸಿಂಘ್ವಿಯವರು ಸದನ ಗುಪ್ತವಾಗಿ ನಡೆಯಲೆಂದು ಸೂಚಿಸಿದರು; ಇಡೀ ದೇಶದ ಆಸಕ್ತಿಗೆ ಸಂಬಂಧಿಸಿದ ವಿಷಯವನ್ನು ಮುಚ್ಚಿದ ಬಾಗಿಲ ಹಿಂದೆ ಚರ್ಚಿಸುವುದು ಯುಕ್ತವಲ್ಲವೆಂದು ನೆಹರೂ ಅದನ್ನು ಒಪ್ಪಲಿಲ್ಲ. ಆಕ್ರಮಣಕಾರರನ್ನು ಭಾರತದ ನೆಲದಿಂದ ಹೊರಗಟ್ಟುವವರೆಗೆ ಹೋರಾಡುವ ಸಂಕಲ್ಪದ ಗೊತ್ತುವಳಿಯನ್ನು ಅವರೇ ಮಂಡಿಸಿದರು. ಆರಂಭವಾದ ಚರ್ಚೆ ಒಂದು ವಾರದವರೆಗೆ ಹರಿಯಿತು. 165 ಮಂದಿ ಲೋಕಸಭೆಯಲ್ಲಿ ಮಾತನಾಡಿದರು. ಸ್ವಪಕ್ಷದವರು, ಪ್ರತಿಪಕ್ಷದವರು, ಅಸ್ಸಾಮಿನ ಆರ್ತರು, ಅಲಿಪ್ತ ನೀತಿಯನ್ನೇ ಕೈಬಿಡಬೇಕೆಂದವರು, ಟಿಬೇಟನ್ನು ಬಿಟ್ಟುಕೊಟ್ಟ ಪಾಪ ಇದೆಂದವರು, ಯಾವ ಮಾತೂ ಪ್ರಧಾನಿಯ ಹೃದಯವನ್ನು ನೋಯಿಸದೆ ಹೋಗಲಿಲ್ಲ. ನವೆಂಬರ್ 14ರಂದು, ನೆಹರೂ ಅವರಿಗೆ ಎಪ್ಪತ್ತಮೂರು ತುಂಬಿದ ದಿನ, ಸದಸ್ಯರೆಲ್ಲ ಎದ್ದು ನಿಂತು ಗೊತ್ತುವಳಿಯನ್ನು ಅಂಗೀಕರಿಸಿದರು. ಎಪ್ಪತ್ತಮೂರರ ಆ ವೃದ್ಧರು ಈ ಎಲ್ಲ ಟೀಕೆಗಳಿಗೆ ಕಿವಿಗೊಟ್ಟು ಕುಳಿತದ್ದು ನೆಹರೂ ಚರಿತ್ರೆಯ ಅತ್ಯುನ್ನತ ಗಳಿಗೆಗಳಲ್ಲಿ ಒಂದೆಂದು ನನ್ನ ನಂಬಿಕೆ. ಆದರೆ ಮಾತನಾಡಿದ ಆ 165 ಮಂದಿಯಲ್ಲಿ, ಸೆ ಲಾ ಕಣಿವೆಯಲ್ಲಿ ಎಷ್ಟು ಬಲವಿದೆ, ಎಷ್ಟು ದಿನಕ್ಕೆ ಗುಂಡಿದೆ ಎಂದು ಬಲ್ಲವರು ಬಹುಶಃ ಮಂತ್ರಿಗಳನ್ನು ಬಿಟ್ಟರೆ ಯಾರೂ ಇರಲಿಲ್ಲ. ನಾಲ್ಕೇ ದಿನದಲ್ಲಿ ಸೆ ಲಾ ಬಿತ್ತು, ಬೊಮ್ಡಿಲಾ ಬಿತ್ತು, ಲಡಾಖಿನ ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗರ ತುಕಡಿ ಕಡೆಯ ಗುಂಡಿನವರೆಗೆ ಕಾದು ಮಡಿಯಿತು.

ನವೆಂಬರ್ 19ರ ರಾತ್ರಿ ನೆಹರೂ ಆಕಾಶವಾಣಿಯಲ್ಲಿ ಅಸ್ಸಾಮಿನ ಜನರಿಗಾಗಿ ತಮ್ಮ ಹೃದಯ ಮಿಡಿಯುತ್ತಿದೆಯೆಂದರು. ಅದು ಸಾಂತ್ವನಕ್ಕಿಂತ ವಿದಾಯದಂತೆ ಕೇಳಿಸಿತೆಂದು ಅಸ್ಸಾಮಿಗರು ಇಂದಿಗೂ ಕ್ಷಮಿಸಿಲ್ಲ. ಅದೇ ದಿನ ಅವರು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಗೆ ಎರಡು ಪತ್ರಗಳನ್ನು ಬರೆದು, ಹನ್ನೆರಡು ತುಕಡಿ ಯುದ್ಧವಿಮಾನಗಳ ನೆರವನ್ನು ಕೋರಿದರು. ಕ್ಯೂಬಾದ ಕ್ಷಿಪಣಿಗಳ ಗಂಡಾಂತರದಿಂದ ವಾಷಿಂಗ್ಟನ್ ಆಗಷ್ಟೆ ಪಾರಾಗಿತ್ತು; ಅದರ ಬಿಸಿಯಲ್ಲಿ ಅಕ್ಟೋಬರಿನ ಕೊನೆಯ ದಿನಗಳಲ್ಲಿ ದೆಹಲಿಯ ಅಮೆರಿಕನ್ ರಾಯಭಾರಿ ಜಾನ್ ಕೆನೆತ್ ಗಾಲ್ಬ್ರೆತ್ ತಮ್ಮ ರಾಜಧಾನಿಯಿಂದ ಸೂಚನೆಯಿಲ್ಲದೆ ಬಹುಮಟ್ಟಿಗೆ ಸ್ವಂತ ವಿವೇಚನೆಯಿಂದಲೇ ನಡೆದಿದ್ದರು. ಐದು ದಿನಗಳ ಹಿಂದೆ ಎದ್ದು ನಿಂತು ಸಂಕಲ್ಪ ತೊಟ್ಟ ಸದನಕ್ಕೆ ಈ ಪತ್ರಗಳ ಸುಳಿವು ಸಿಗಲಿಲ್ಲ. 1965ರಲ್ಲಿ ರಾಜ್ಯಸಭೆಯಲ್ಲಿ ಸುಧೀರ್ ಘೋಷ್ ಈ ಪ್ರಸ್ತಾಪವೆತ್ತಿದಾಗಲೂ ಸರ್ಕಾರ ಅದನ್ನು ನಿರಾಕರಿಸಿತು. 21ರಂದು ಚೀನಾ ತಾನಾಗಿಯೇ ಕದನವಿರಾಮ ಘೋಷಿಸಿತು. ಸರ್ಕಾರದ ಲೆಕ್ಕದಂತೆ ಮಡಿದವರು 1,383, ಕಾಣೆಯಾದವರು 1,696, ಸೆರೆಸಿಕ್ಕವರು 3,968.

ಯುದ್ಧ ಭೇದಗಳನ್ನು ಬೆಸೆಯಿತೇ, ಬಿರಿಯಿಸಿತೇ? ಎರಡನ್ನೂ ಮಾಡಿತು. ದ್ರಾವಿಡನಾಡಿನ ಪ್ರತ್ಯೇಕತೆಯನ್ನು ಮೇ ತಿಂಗಳಲ್ಲಿ ರಾಜ್ಯಸಭೆಯಲ್ಲೇ ಪ್ರತಿಪಾದಿಸಿದ್ದ ಅಣ್ಣಾದುರೈ ಅವರು ಚೀನಾ ಆಕ್ರಮಣದ ಬಳಿಕ ಆ ಬೇಡಿಕೆಯನ್ನು ಕೈಬಿಟ್ಟರು. ಕಮ್ಯುನಿಸ್ಟ್ ಪಕ್ಷವಾದರೋ ನವೆಂಬರ್ 1ರಂದು ಆಕ್ರಮಣವನ್ನು ಖಂಡಿಸುವ ನಿರ್ಣಯದ ಮೇಲೆ ಒಳಗೊಳಗೇ ಸೀಳಿತು. ನೂರಾರು ಮಂದಿ ಭಾರತ ರಕ್ಷಣಾ ನಿಯಮಗಳಡಿಯಲ್ಲಿ ಬಂಧಿತರಾದರು. 1964ರಲ್ಲಿ ಪಕ್ಷವೇ ಎರಡಾಯಿತು. ಕನ್ನಡಿಗರೂ ಸಾಕಷ್ಟು ಸಂಖ್ಯೆಯಲ್ಲಿದ್ದ ಕಾಸರಗೋಡಿನ ಮತದಾರರು ಲೋಕಸಭೆಗೆ ಕಳಿಸಿದ್ದ ಎ. ಕೆ. ಗೋಪಾಲನ್ನರು ಹೊಸ ಮಾರ್ಕ್ಸ್‌ವಾದಿ ಪಕ್ಷದ ಅಗ್ರಗಣ್ಯರಾದರು. ರಾಜಕೀಯವೇ ತಿಳಿಯದ ಮತ್ತೊಂದು ಸಮುದಾಯದ ಕಥೆ ಇನ್ನೂ ಕರುಣಾಜನಕ: ಅಸ್ಸಾಂ, ಬಂಗಾಳಗಳಲ್ಲಿ ತಲೆಮಾರುಗಳಿಂದ ಬಡಗಿಗಳಾಗಿ, ಚಮ್ಮಾರರಾಗಿ ಬದುಕಿದ್ದ ಚೀನೀ ಮೂಲದ ಸುಮಾರು ಮೂರು ಸಾವಿರ ಮಂದಿಯನ್ನು ರಾಜಸ್ಥಾನದ ದೇವಳಿಯ ಶಿಬಿರದಲ್ಲಿ ಕೂಡಿಹಾಕಲಾಯಿತು. 1942ರಲ್ಲಿ ಅಮೆರಿಕ ತನ್ನ ಜಪಾನೀ ಮೂಲದ ಸುಮಾರು 1,20,000 ಜನರಿಗೆ ಮಾಡಿದ್ದೂ ಇದನ್ನೇ. ಅದಕ್ಕಾಗಿ 1988ರಲ್ಲಿ ಶಾಸನಪೂರ್ವಕ ಕ್ಷಮೆ ಕೇಳಿತು. ದೇವಳಿಯವರಿಗೆ ಅಂಥ ಕ್ಷಮಾಪಣೆ ಬಂದಿಲ್ಲ. ಅಕ್ಟೋಬರ್ 26ರ ತುರ್ತುಪರಿಸ್ಥಿತಿ ಮುಗಿದದ್ದು 1968ರ ಜನವರಿಯಲ್ಲಿ. ಒಂದು ತಿಂಗಳ ಯುದ್ಧಕ್ಕೆ ಐದು ವರ್ಷಗಳ ತುರ್ತು!

1963ರ ಉಪಚುನಾವಣೆಗಳಲ್ಲಿ ಗೆದ್ದು ಬಂದ ಕೃಪಲಾನಿ, ರಾಮಮನೋಹರ ಲೋಹಿಯಾ, ಮೀನೂ ಮಸಾನಿಯವರು ಸದನದ ಸ್ವರವನ್ನೇ ಬದಲಿಸಿದರು. ಆಗಸ್ಟಿನಲ್ಲಿ ಕೃಪಲಾನಿಯವರು ಮಂಡಿಸಿದ್ದು ಸ್ವತಂತ್ರ ಭಾರತದ ಮೊತ್ತಮೊದಲ ಅವಿಶ್ವಾಸ ಗೊತ್ತುವಳಿ. ನಾಲ್ಕು ದಿನಗಳ ಚರ್ಚೆಯ ಬಳಿಕ 62 ಮತಗಳು ಅದರ ಪರವಾಗಿ, 347 ವಿರುದ್ಧವಾಗಿ ಬಿದ್ದುವು. ಸೋಲು ನಿಶ್ಚಿತವಾಗಿದ್ದ ಆ ಗೊತ್ತುವಳಿಯ ನಡುವೆ ಲೋಹಿಯಾ ಅವರು ಬಡವನ ದಿನದ ಆದಾಯ ಮೂರಾಣೆಯೆಂದೂ ಪ್ರಧಾನಿಯ ಮೇಲಿನ ದಿನದ ವೆಚ್ಚ 25,000 ರೂಪಾಯಿಯೆಂದೂ ಆರೋಪಿಸಿ, ಹಿಮಾಲಯದ ಪ್ರಶ್ನೆಯನ್ನು ರೊಟ್ಟಿಯ ಪ್ರಶ್ನೆಗೆ ತಂದು ನಿಲ್ಲಿಸಿದರು.

ಇತ್ತೀಚಿನ ಕಾಲಕ್ಕೆ ಬಂದರೆ ಹಳೆಯ ಲೆಕ್ಕವೇ ಮತ್ತೆ ಮತ್ತೆ ಕೇಳಿಬರುತ್ತದೆ. 2022ರ ಡಿಸೆಂಬರ್ 9ರಂದು ತವಾಂಗ್ ಬಳಿಯ ಯಾಂಗ್‌ತ್ಸೆಯಲ್ಲಿ ಚೀನೀ ಸೈನಿಕರೊಡನೆ ಘರ್ಷಣೆಯಾದಾಗ, ರಾಜ್ಯಸಭೆಯ ವಿರೋಧಪಕ್ಷದ ನಾಯಕರಾಗಿದ್ದ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರು ಚರ್ಚೆಗೆ ಪಟ್ಟುಹಿಡಿದರು; 1962ರಲ್ಲಿ 165 ಮಂದಿಗೆ ಮಾತಿನ ಅವಕಾಶವಿತ್ತೆಂದು ಅವರ ಪಕ್ಷದವರು ನೆನಪಿಸಿದರು; ಚರ್ಚೆ ನಡೆಯಲಿಲ್ಲ. 2025ರ ಮೇ ತಿಂಗಳ ಸಿಂಧೂರ ಕಾರ್ಯಾಚರಣೆಯ ಬಳಿಕ ವಿಶೇಷ ಅಧಿವೇಶನದ ಬೇಡಿಕೆ ಫಲಿಸದೆ, ಜುಲೈ ಕೊನೆಯಲ್ಲಿ ಚರ್ಚೆಯಾಯಿತು. ನಡುವೆ ಸರ್ವಪಕ್ಷಗಳ ಸಂಸದರ ಏಳು ನಿಯೋಗಗಳು ವಿದೇಶಗಳಿಗೆ ಹೋಗಿ ಭಾರತದ ಪಕ್ಷವನ್ನು ನಿವೇದಿಸಿ ಬಂದುವು. ಹೊರದೇಶಗಳಲ್ಲಿ ಒಂದೇ ಧ್ವನಿಯಲ್ಲಿ ಮಾತನಾಡಿದವರು ಸ್ವಂತ ಸದನದಲ್ಲಿ ಮಾತಿಗಾಗಿ ಕಾದುದು ವಿಚಿತ್ರವೇ ಸರಿ.

ಅಮೆರಿಕದ ಕಾಂಗ್ರೆಸ್ಸು ತನ್ನ ಅಂತರ್ಯುದ್ಧದ ಮೊದಲ ವರ್ಷದಲ್ಲೇ ಯುದ್ಧ ನಿರ್ವಹಣೆಯ ವಿಚಾರಣೆಗೆ ಜಂಟಿ ಸಮಿತಿಯೊಂದನ್ನು ರಚಿಸಿ, ಯುದ್ಧ ನಡೆಯುತ್ತಿರುವಾಗಲೇ, 1863ರಲ್ಲಿ, ಸಾಕ್ಷ್ಯಗಳನ್ನು ಅಚ್ಚು ಹಾಕಿಸಿತು. ಆ ಸಮಿತಿ ಸಂತರ ಸಭೆಯಲ್ಲ. ಅದರ ಉರಿಯಲ್ಲಿ ಚಾರ್ಲ್ಸ್ ಸ್ಟೋನ್ ಎಂಬ ಸೇನಾನಿ ಆರೋಪಪಟ್ಟಿಯೇ ಇಲ್ಲದೆ ತಿಂಗಳುಗಟ್ಟಲೆ ಸೆರೆಯಲ್ಲಿ ಕೊಳೆತ. ದೆಹಲಿಯಲ್ಲಾದರೋ 1962ರ ಸೋಲಿನ ವಿಚಾರಣೆ ನಡೆಸಿದವರು ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಪಿ. ಎಸ್. ಭಗತ್. ಅವರ ವರದಿಯ ಸಾರಾಂಶವನ್ನು ಮಾತ್ರ ಚವ್ಹಾಣರು 1963ರ ಸೆಪ್ಟೆಂಬರಿನಲ್ಲಿ ಸದನಕ್ಕೆ ತಿಳಿಸಿದರು. ತಿಮ್ಮಯ್ಯನವರು ವಿಶ್ವಸಂಸ್ಥೆಯ ಸೇನೆಗೆ ದಂಡನಾಯಕರಾಗಿ ಸೈಪ್ರಸ್ಸಿಗೆ ಹೋಗಿ, 1965ರ ಡಿಸೆಂಬರ್ 18ರಂದು ಅಲ್ಲಿಯೇ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಸಮಾಧಿಯಿದೆ. ವರದಿ ಕಪಾಟಿನಲ್ಲೇ ಉಳಿಯಿತು. 2010ರಲ್ಲಿ ರಕ್ಷಣಾ ಸಚಿವ ಎ. ಕೆ. ಆಂಟನಿ ಅದರ ಅಂಶಗಳಿಗೆ ಈಗಲೂ ಸೈನಿಕ ಮಹತ್ತ್ವವಿದೆಯೆಂದು ಸದನಕ್ಕೆ ಹೇಳಿದರು. 2014ರ ಮಾರ್ಚಿನಲ್ಲಿ ನೆವಿಲ್ ಮ್ಯಾಕ್ಸ್‌ವೆಲ್ ಎಂಬ ಪತ್ರಕರ್ತ ಅದರ ಒಂದು ಭಾಗವನ್ನು ಬಹಿರಂಗಗೊಳಿಸಿದಾಗ, ಪ್ರತಿಪಕ್ಷದ ಪೀಠದಲ್ಲಿದ್ದ ಅರುಣ್ ಜೇಟ್ಲಿ ಅವರು ಇದನ್ನು ಇಷ್ಟು ಕಾಲ ಮುಚ್ಚಿಟ್ಟುದೇಕೆಂದು ಪ್ರಶ್ನಿಸಿದರು. ಅದೇ ವರ್ಷದ ಜುಲೈಯಲ್ಲಿ, ರಕ್ಷಣಾ ಸಚಿವರಾಗಿ, ಅದರ ಪ್ರಕಟಣೆ ರಾಷ್ಟ್ರಹಿತಕ್ಕೆ ಸಮ್ಮತವಲ್ಲವೆಂದು ಸಂಸತ್ತಿಗೆ ಲಿಖಿತವಾಗಿ ಉತ್ತರಿಸಿದರು.